ನೀರು ಬರುವ ಮುಂಚೆ ಸುದ್ದಿ ಬರಬೇಕು

ಮೃಗಶಿರಾ ಮಳೆ ಹಿಡಿದು ನಾಲ್ಕು ವಾರ ಕಳೆಯಿತೆಂದರೆ, ಕಾಗಲ ತಾಲೂಕಿನ ಸುಳಕೂಡದಿಂದ ಹಿಡಿದು ಶಿರೋಳ, ಚಿಕ್ಕೋಡಿ ತಾಲೂಕುಗಳವರೆಗೆ ದೂಧಗಂಗೆಯ ದಂಡೆಯಲ್ಲಿರುವ ಎಲ್ಲ ಊರುಗಳ ಕಟ್ಟೆಯ ಮೇಲೂ ಒಂದೇ ಪ್ರಶ್ನೆ: “ಕಾಕಾ, ನೀರ ಎಲ್ಲೀತನಕಾ ಬಂದೈತಿ?”

ಈ ಪ್ರಶ್ನೆಗೆ ಉತ್ತರ ಹೇಳಲು ಇಂದು ಎಷ್ಟೊಂದು ಮಂದಿ ಇದ್ದಾರೆ! ರೇಡಿಯೋ ಹೇಳುತ್ತದೆ, ಟಿ.ವಿ. ಹೇಳುತ್ತದೆ, ಕಿಸೆಯಲ್ಲಿರುವ ಮೊಬೈಲ್ ದಿನಕ್ಕೆ ಐವತ್ತು ಸಲ ಹೇಳುತ್ತದೆ. ಆದರೂ 2019ರ ಆಗಸ್ಟ್ ತಿಂಗಳಲ್ಲಿ ಆಶ್ಲೇಷಾ ಮಳೆಗೆ ಕೃಷ್ಣೆ, ಪಂಚಗಂಗೆ, ದೂಧಗಂಗೆಗಳು ಒಟ್ಟಿಗೇ ಉಕ್ಕಿದಾಗ, ಸಾವಿರಾರು ಕುಟುಂಬಗಳು ನೀರು ಹೊಸ್ತಿಲಿಗೆ ಬಂದ ಮೇಲೆಯೇ ಎದ್ದವು. ಎರಡೇ ವರ್ಷದ ಅಂತರದಲ್ಲಿ, 2021ರ ಜುಲೈಯಲ್ಲಿ ಪುಷ್ಯ ಮಳೆಗೆ ಮತ್ತೆ ಅದೇ ಕಥೆ. ಅಕ್ಕಿ ಬಂತು, ಹೊದಿಕೆ ಬಂತು, ಔಷಧ ಬಂತು. ಸರಿಯಾದ ಮಾತು ಮಾತ್ರ ಸರಿಯಾದ ಹೊತ್ತಿಗೆ ಸರಿಯಾದ ಮನೆಗೆ ಬರಲಿಲ್ಲ. ಈ ಅಂಕಣದಲ್ಲಿ ಸಾಮಾನ್ಯವಾಗಿ ಗೊಬ್ಬರ, ಬೆಳೆ, ದನಕರು, ಮಕ್ಕಳ ಆರೋಗ್ಯ ಮುಂತಾದ ವಿಷಯಗಳನ್ನು ಬರೆಯುತ್ತೇವೆ. ಈ ಸಲ ಪರಿಹಾರದ ಕೆಲಸಕ್ಕೆ ಇಳಿಯುವ ಸಂಸ್ಥೆ, ಮಂಡಳ, ಯುವಕ ಸಂಘಗಳೊಳಗೆ ಸುದ್ದಿ ಹೇಗೆ ಓಡಾಡಬೇಕು, ಒಮ್ಮೆ ಕಲಿತದ್ದು ಮುಂದಿನ ನೆರೆಯವರೆಗೆ ಹೇಗೆ ಉಳಿಯಬೇಕು ಎಂಬುದನ್ನು ನೋಡೋಣ. ಇದೂ ಆರೋಗ್ಯದ ವಿಷಯವೇ ಎಂಬುದು ಮುಂದೆ ಓದಿದಂತೆ ತಿಳಿಯುತ್ತದೆ.

ನಮ್ಮದೇ ಒಂದು ತಪ್ಪು

2019ರಲ್ಲಿ ನಾವು ಕೆಲವರು ಶಿರೋಳ ಭಾಗದ ಒಂದು ಶಾಲೆಯಲ್ಲಿ ತೆರೆದಿದ್ದ ನಿರಾಶ್ರಿತರ ಶಿಬಿರಕ್ಕೆ ಹೋಗಿದ್ದೆವು. ನಮ್ಮೊಡನೆ ಓ.ಆರ್.ಎಸ್. ಪೊಟ್ಟಣಗಳ ಎರಡು ಪೆಟ್ಟಿಗೆಗಳಿದ್ದವು. ಭೇದಿಯಾದವರಿಗೆ ಒಂದು ಲೋಟ ನೀರಿಗೆ ಒಂದು ಪೊಟ್ಟಣ ಎಂದು ಮೊದಲ ದಿನ ನಮ್ಮವರೊಬ್ಬರು ತಾಯಂದಿರಿಗೆ ಹೇಳಿಕೊಟ್ಟರು. ಅವರು ಹೇಳಿದ್ದು ಸುಳ್ಳಲ್ಲ. ಮೊದಲ ಪೆಟ್ಟಿಗೆಯಲ್ಲಿದ್ದದ್ದು ಸುಮಾರು 4 ಗ್ರಾಮಿನ ಸಣ್ಣ ಪೊಟ್ಟಣ, ಅದು 200 ಮಿಲಿಲೀಟರ್ ನೀರಿಗೆ ಸರಿ. ಎರಡನೆಯ ಪೆಟ್ಟಿಗೆಯಲ್ಲಿದ್ದದ್ದು ಸುಮಾರು 21 ಗ್ರಾಮಿನ ದೊಡ್ಡ ಪೊಟ್ಟಣ, ಅದು ಒಂದು ಪೂರ್ತಿ ಲೀಟರಿಗೆ. ಮರುದಿನ ನಮ್ಮ ತಂಡ ಬದಲಾಯಿತು. ಹೋದವರು ಬಂದವರಿಗೆ “ಲೋಟಕ್ಕೊಂದು ಪೊಟ್ಟಣ” ಎಂದಷ್ಟೇ ಹೇಳಿ ಟ್ರಕ್ಕು ಹತ್ತಿದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ತಾಯಿ ಬಂದು, “ಅಣ್ಣಾ, ಈ ನೀರ ಕುಡದಷ್ಟೂ ಕೂಸಿಗಿ ನೀರಡಿಕಿ ಹೆಚ್ಚ ಆಗೇತಿ, ವಾಂತಿ ನಿಲ್ಲವಲ್ದು” ಎಂದರು. ಶಿಬಿರಕ್ಕೆ ಬಂದಿದ್ದ ನರ್ಸಬಾಯಿ ಲೋಟದಲ್ಲಿದ್ದದ್ದನ್ನು ಬೆರಳಿಗೆ ಹಚ್ಚಿ ನಾಲಗೆಗಿಟ್ಟು ನೋಡಿದರು. ಕಣ್ಣೀರಿನಷ್ಟು ಉಪ್ಪಿರಬೇಕಾದ ನೀರು ಅದಕ್ಕಿಂತ ಬಹಳ ಉಪ್ಪಾಗಿತ್ತು. ಐದು ಪಟ್ಟು ಗಟ್ಟಿ ದ್ರಾವಣವನ್ನು ನಾವು ಎಳೆಯ ಕೂಸಿಗೆ ಕುಡಿಸಿದ್ದೆವು. ರಕ್ತದಲ್ಲಿ ಉಪ್ಪಿನ ಅಂಶ ಏರಿದರೆ ಮಗು ಮಂಪರಾಗುತ್ತದೆ, ಪಿಟ್ಸು ಬರಬಹುದು, ಜೀವಕ್ಕೂ ಅಪಾಯ. ಕೂಸನ್ನು ಕೂಡಲೇ ದೋಣಿಯಲ್ಲಿ ದವಾಖಾನೆಗೆ ಕಳುಹಿಸಲಾಯಿತು, ಉಳಿಯಿತು. ಆದರೆ ಆ ತಾಯಿ ಕೇಳದೆ ಸುಮ್ಮನಿದ್ದಿದ್ದರೆ? ಪೇಟೆಯಿಂದ ಬಂದ ದೊಡ್ಡವರು ಹೇಳಿದ್ದಾರೆ, ನಾವೇನು ಕೇಳುವುದು ಎಂದು ಹಿಂಜರಿದಿದ್ದರೆ? ಈ ಮಾತನ್ನು ನೆನೆದಾಗ ಇಂದಿಗೂ ನಮಗೆ ನಿದ್ದೆ ಹತ್ತುವುದಿಲ್ಲ.

ತಪ್ಪು ಯಾರದು ಎಂದು ಆ ರಾತ್ರಿ ಕುಳಿತು ನೋಡಿದೆವು. ದುಡ್ಡಿನ ಕೊರತೆಯಿರಲಿಲ್ಲ, ಔಷಧದ ಕೊರತೆಯಿರಲಿಲ್ಲ, ಮನಸ್ಸಿನ ಕೊರತೆಯಂತೂ ಇರಲೇ ಇಲ್ಲ. ಒಂದು ಹಾಳೆಯ ಮೇಲೆ ಎರಡು ಸಾಲು ಬರೆದಿಟ್ಟು ಹೋಗುವ ರೂಢಿ ಇರಲಿಲ್ಲ, ಅಷ್ಟೇ. ಪೊಟ್ಟಣದ ಮೇಲೆ ಎಲ್ಲವೂ ಅಚ್ಚಾಗಿತ್ತು, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ.

ಆದ್ದರಿಂದ ಓದುಗರು ಇದನ್ನು ಈಗಲೇ ನೆನಪಿಟ್ಟುಕೊಳ್ಳಬೇಕು. ಪೊಟ್ಟಣ ಹರಿಯುವ ಮುಂಚೆ ಅದು ಎಷ್ಟು ನೀರಿಗೆ ಎಂಬುದನ್ನು ಓದಿಸಿಕೊಳ್ಳಿರಿ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಂದು ಮಾಡಿದ್ದು ಅಂದಿಗೇ ಮುಗಿಯಬೇಕು, ಮರುದಿನಕ್ಕೆ ಇಡಬಾರದು. ಮಗುವಿಗೆ ಎದೆಹಾಲು ನಿಲ್ಲಿಸಬಾರದು. ಜೊತೆಗೆ ಡಾಕ್ಟರರು ಸತುವಿನ ಮಾತ್ರೆ ಕೊಟ್ಟರೆ ಭೇದಿ ನಿಂತ ಮೇಲೂ ಹದಿನಾಲ್ಕು ದಿನ ಮುಗಿಸಬೇಕು.

ಗಡಿಯ ಮೇಲೆ ಕಲಿತ ಪಾಠ

ಈ ಓ.ಆರ್.ಎಸ್. ಎಂಬುದು ಲೋಕಕ್ಕೆ ತಿಳಿದ ಬಗೆಯೇ ನಮ್ಮ ವಿಷಯಕ್ಕೆ ಒಳ್ಳೆಯ ದೃಷ್ಟಾಂತ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲಕ್ಕೆ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವಿನ ನಿರಾಶ್ರಿತರ ಆಸ್ಪತ್ರೆಯಲ್ಲಿ ಕಾಲರಾ ಹಬ್ಬಿ, ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳಕ್ಕೆ ಕೊಡುವ ಸಲಾಯಿನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನೋಬಿಸ್ ಎಂಬ ವೈದ್ಯರು ಉಪ್ಪು, ಅಡುಗೆ ಸೋಡಾ, ಗ್ಲುಕೋಸುಗಳನ್ನು ಅಳತೆಯಂತೆ ಕೂಡಿಸಿ, ದೊಡ್ಡ ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು.

ಆದರೆ ಇಷ್ಟಕ್ಕೇ ಅವರು ಬಿಡಲಿಲ್ಲ. ಅಳತೆಯನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾದ ಗುಪ್ತ ರೇಡಿಯೋ ಕೇಂದ್ರದಿಂದಲೂ ಅದನ್ನು ಬಿತ್ತರಿಸಲಾಯಿತು. ಆಮೇಲೆ ಲೆಕ್ಕಪತ್ರಗಳನ್ನೆಲ್ಲ ಇಟ್ಟುಕೊಂಡು ಲೇಖನ ಬರೆದರು. ಮೊದಮೊದಲು ಯಾರೂ ಅಷ್ಟಾಗಿ ನಂಬಲಿಲ್ಲ, 1973ರಲ್ಲಿ ಅದು ಪ್ರಕಟವಾಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಕೈಗೆತ್ತಿಕೊಂಡಿತು. 2022ರಲ್ಲಿ ತೀರಿಕೊಂಡ ಆ ವೈದ್ಯರಿಗೆ ಮರುವರ್ಷ ಪದ್ಮವಿಭೂಷಣ ಕೊಡಲಾಯಿತು, ತಡವಾಗಿ. ನಾವು ಇಲ್ಲಿ ಹೇಳಬೇಕೆಂದಿರುವುದು ಇಷ್ಟು: ಬನಗಾಂವಿನ ಆ ಶೆಡ್ಡಿನಲ್ಲಿ ಗುಣವಾದವರು ಕೆಲವೇ ಸಾವಿರ. ಕರಪತ್ರ, ರೇಡಿಯೋ, ಬರವಣಿಗೆ ಈ ಮೂರರಿಂದ ಉಳಿದವರು ಕೋಟಿ ಕೋಟಿ ಮಕ್ಕಳು.

ಕ್ಯೂಸೆಕ್ ಎಂದರೆ ನನ್ನ ಕೊಟ್ಟಿಗೆಗೆ ಎಷ್ಟು?

ಮತ್ತೆ ನಮ್ಮ ನದಿಗೆ ಬರೋಣ. ಮಳೆಗಾಲದಲ್ಲಿ ಬರುವ ಸರಕಾರಿ ಸುದ್ದಿ ಹೀಗಿರುತ್ತದೆ: “ರಾಧಾನಗರಿ ಧರಣದ ಒಂದು ಸ್ವಯಂಚಾಲಿತ ಬಾಗಿಲು ತೆರೆದಿದ್ದು 1428 ಕ್ಯೂಸೆಕ್ ನೀರು ಹೊರಹೋಗುತ್ತಿದೆ.” ಕೋಲ್ಹಾಪುರದ ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆಗೆ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. 2019ರಲ್ಲೂ 2021ರಲ್ಲೂ ನೀರು 55 ಅಡಿ ಮೀರಿತ್ತು. ಇವೆಲ್ಲ ಸತ್ಯವಾದ ಅಂಕೆಗಳೇ. ಎಂಜಿನಿಯರರಿಗೆ ಇವುಗಳಿಂದ ಎಲ್ಲವೂ ತಿಳಿಯುತ್ತದೆ. ಎರಡು ಎಮ್ಮೆ, ಒಂದು ಜೋಡಿ ಎತ್ತು, ಹಾಸಿಗೆ ಹಿಡಿದ ಮುದುಕಿ ಇವರನ್ನು ಇಟ್ಟುಕೊಂಡ ರೈತನಿಗೆ ಏನು ತಿಳಿಯುತ್ತದೆ?

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್, ಎರಡು ಕೊಡದಷ್ಟು. ರಾಧಾನಗರಿಯ ಒಂದು ಬಾಗಿಲು ತೆರೆದರೆ ಪ್ರತಿ ಸೆಕೆಂಡಿಗೆ ನಲವತ್ತು ಸಾವಿರ ಲೀಟರ್. ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಪೂರ್ತಿ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಲೆಕ್ಕ ತಿಳಿದದ್ದು ಒಳ್ಳೆಯದೇ. ಆದರೆ ಪರಿಹಾರ ಸಂಸ್ಥೆಯ ಕೆಲಸ ಲೆಕ್ಕ ಹೇಳುವುದಲ್ಲ, ಅದನ್ನು ಊರಿನ ಮಾತಿಗೆ ತಿರುಗಿಸುವುದು. “ನಾಳೆ ಬೆಳಗಾಗುವುದರೊಳಗೆ ನೀರು ಗುಡಿಯ ಮೂರನೇ ಮೆಟ್ಟಿಲಿಗೆ ಬರಬಹುದು. ಕೆಳಗಿನ ಓಣಿಯವರು ಇಂದು ದೀಪ ಹಚ್ಚುವ ಮುಂಚೆ ಹೈಸ್ಕೂಲಿಗೆ ಹೋಗಿರಿ. ದನಗಳಿಗೆ ಗುಡ್ಡದ ಕಡೆಯ ಬಯಲಿನಲ್ಲಿ ಮೇವಿನ ವ್ಯವಸ್ಥೆ ಇದೆ.” ಹೀಗೆ ಹೇಳಿದರೆ ಮನುಷ್ಯ ಏಳುತ್ತಾನೆ.

ಈ ಕೊನೆಯ ವಾಕ್ಯವನ್ನು, ದನಗಳ ಮಾತನ್ನು, ಪೇಟೆಯ ಸಂಸ್ಥೆಗಳು ಮರೆಯುತ್ತವೆ. ಜನ ಹಟಮಾರಿಗಳು, ಎಷ್ಟು ಹೇಳಿದರೂ ಮನೆ ಬಿಡಲಿಲ್ಲ ಎಂದು 2019ರ ನಂತರ ಹಲವರು ದೂರಿದರು. ನಾವು ರೈತರ ಮನೆಯವರು, ನಮಗೆ ಗೊತ್ತು. ಕೊಟ್ಟಿಗೆಯಲ್ಲಿ ಗಬ್ಬದ ಎಮ್ಮೆ ಕಟ್ಟಿಕೊಂಡು ಯಾರೂ ದೋಣಿ ಹತ್ತುವುದಿಲ್ಲ. ದನ ಎಲ್ಲಿಗೆ ಹೋಗಬೇಕು ಎಂದು ಹೇಳದ ಎಚ್ಚರಿಕೆ ಅರ್ಧ ಎಚ್ಚರಿಕೆಯೇ. ಕಡೆಗೆ ಬಿಟ್ಟು ಹೋಗಲೇಬೇಕಾದರೆ ಕೊರಳ ಹಗ್ಗ ಬಿಚ್ಚಿ ಹೋಗಿರಿ ಎಂಬ ಒಂದು ಮಾತಾದರೂ ಡಂಗುರದಲ್ಲಿ ಬರಬೇಕು. ಬಿಟ್ಟ ದನ ಈಜಿ ದಿನ್ನೆ ಸೇರುತ್ತದೆ, ಕಟ್ಟಿದ ದನ ಗೂಟದಲ್ಲೇ ಸಾಯುತ್ತದೆ. ಗಳಲೆ ರೋಗ, ಚಪ್ಪೆ ಬೇನೆಗಳ ಲಸಿಕೆ ಮಳೆ ಹಿಡಿಯುವ ಮುಂಚೆಯೇ ಆಗಿರಬೇಕು. ಯಾವ ಮನೆಯ ಎಷ್ಟು ದನಗಳಿಗೆ ಆಗಿದೆ ಎಂಬ ಪಟ್ಟಿ ದನದ ಡಾಕ್ಟರರ ಹತ್ತಿರ ಮಾತ್ರವಲ್ಲ, ಊರಿನ ಸಂಘದ ಹತ್ತಿರವೂ ಇರಬೇಕು.

ಒಂದು ನದಿ, ಎರಡು ದಫ್ತರ

ದೂಧಗಂಗೆಗೆ ಗಡಿ ಗೊತ್ತಿಲ್ಲ. ಕಾಳಮ್ಮವಾಡಿ ಧರಣದಲ್ಲಿ ನಿಂತ ನೀರಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಸುಳಕೂಡ ದಾಟಿ ಕೆಳಗೆ ಬಂದರೆ ದತ್ತವಾಡ ಮಹಾರಾಷ್ಟ್ರದಲ್ಲಿ, ಎದುರಿನ ಮಲಿಕವಾಡ ಕರ್ನಾಟಕದಲ್ಲಿ. ನಡುವಿನ ಬಂಧಾರೆ ಮುಳುಗಿತೆಂದರೆ ಬೀಗರ ಮನೆಗೂ ದವಾಖಾನೆಗೂ ಹತ್ತಾರು ಮೈಲಿ ಸುತ್ತು. ಮುಂದೆ ಕಲ್ಲೋಳದ ಬಳಿ ಅದು ಕೃಷ್ಣೆಯನ್ನು ಕೂಡುತ್ತದೆ. ರಾಜಾಪುರ ಬಂಧಾರೆಯಿಂದ ಬರುವ ಕೃಷ್ಣೆಯ ನೀರಿಗೆ ದೂಧಗಂಗೆಯ ನೀರನ್ನು ಕೂಡಿಸಿ ಕಲ್ಲೋಳದಲ್ಲಿ ಇಷ್ಟು ಎಂದು ಬೆಳಗಾವಿಯ ಅಧಿಕಾರಿಗಳು ದಿನವೂ ಲೆಕ್ಕ ಹೇಳುತ್ತಾರೆ. ಅಂದರೆ ಮೇಲಿನವರ ಸುದ್ದಿ ಕೆಳಗಿನವರಿಗೆ ಜೀವದ ಸುದ್ದಿ. ಕೆಳಗೆ ಆಲಮಟ್ಟಿಯಲ್ಲಿ ಎಷ್ಟು ಬಿಡುತ್ತಿದ್ದಾರೆ ಎಂಬುದು ಮೇಲಿನವರ ದೊಡ್ಡ ಚಿಂತೆ.

2005ರ ನೆರೆಯಿಂದಲೂ ಆಲಮಟ್ಟಿಯಿಂದಲೇ ನಮಗೆ ನೆರೆ ಎಂಬ ಮಾತು ಕೋಲ್ಹಾಪುರ, ಸಾಂಗಲಿ ಭಾಗದಲ್ಲಿ ಬೇರೂರಿದೆ. 2019ರ ನಂತರ ಮಹಾರಾಷ್ಟ್ರ ಸರಕಾರ ನೇಮಿಸಿದ ವಡನೇರೆ ಸಮಿತಿ ಆ ನೆರೆಗೆ ಆಲಮಟ್ಟಿ, ಹಿಪ್ಪರಗಿಗಳು ಕಾರಣವಲ್ಲ ಎಂದು ವರದಿ ಕೊಟ್ಟಿತು. ಒಪ್ಪುವವರು ಒಪ್ಪಿದರು, ಒಪ್ಪದವರು ಇಂದಿಗೂ ಒಪ್ಪಿಲ್ಲ. ವಾದ ಏನೇ ಇರಲಿ, 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಂದಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಜೊತೆ ಕುಳಿತು, ಮಳೆಗಾಲದಲ್ಲಿ ಎರಡೂ ರಾಜ್ಯಗಳು ಒಬ್ಬರಿಗೊಬ್ಬರು ನೀರಿನ ಸುದ್ದಿ ಕೊಡಬೇಕೆಂಬ ಮಾತನ್ನಾಡಿದ್ದು ಒಳ್ಳೆಯ ಕೆಲಸ. ಮುಂದಿನ ತಿಂಗಳೇ ನೆರೆ ಬಂತು.

ದಫ್ತರಗಳು ಎರಡಾದ್ದರಿಂದ ಕಾಗದಗಳೂ ಎರಡು. ಅತ್ತ ಸಾತಬಾರಾ, ಇತ್ತ ಪಹಣಿ. ಅತ್ತ ಮರಾಠಿ ಅರ್ಜಿ, ಇತ್ತ ಕನ್ನಡ ಅರ್ಜಿ. ಮನೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದರಲ್ಲಿ ಇರುವ ಕುಟುಂಬದ ಪಾಡು ಕೇಳಲೇಬೇಡಿ. ಬೆಳೆಹಾನಿಯ ಪಂಚನಾಮೆಗೆ ಜನ ಇಂದಿಗೂ ತಲಾಠಿ ಎಂದೇ ಕರೆಯುವ ಅಧಿಕಾರಿ ಯಾವ ದಿನ ಬರುತ್ತಾರೆ ಎಂಬುದು ಗೊತ್ತಾಗದೆ ಎಷ್ಟೋ ರೈತರು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಪರಿಹಾರ ಸಂಸ್ಥೆಯಲ್ಲಿ ಎರಡೂ ಭಾಷೆ ಓದಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ, ಒಂದು ಮೇಜು, ಅರ್ಜಿಯ ನಮೂನೆಗಳು ಇಷ್ಟಿದ್ದರೆ ಹತ್ತು ಟ್ರಕ್ಕು ಹಳೆ ಬಟ್ಟೆಗಿಂತ ಹೆಚ್ಚಿನ ಉಪಕಾರವಾಗುತ್ತದೆ. ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಉತ್ತರ ಪ್ರದೇಶ, ಬಿಹಾರ, ಒಡಿಶಾಗಳಿಂದ ಬಂದ ಕೂಲಿಕಾರರಿಗೆ ಮರಾಠಿಯೂ ಬಾರದು, ಕನ್ನಡವೂ ಬಾರದು. ಅವರಿಗೆ ಹಿಂದಿಯಲ್ಲಿ ಹೇಳದಿದ್ದರೆ ಹೇಳಿದಂತೆ ಆಗಲಿಲ್ಲ.

ಈಚಿನ ವರ್ಷಗಳಲ್ಲಿ ಸುಳಕೂಡದ ಹೆಸರು ಪತ್ರಿಕೆಗಳಲ್ಲಿ ಬರುತ್ತಿರುವುದು ನೆರೆಗಲ್ಲ, ಕುಡಿಯುವ ನೀರಿನ ತಂಟೆಗೆ. ಇಚಲಕರಂಜಿ ನಗರಕ್ಕೆ ಮೊದಲು ವಾರಣೆಯ ದಾನೋಳಿಯಿಂದ ನೀರು ತರುವ ಯೋಜನೆ ಆಯಿತು, ಅಲ್ಲಿನ ರೈತರು ವಿರೋಧಿಸಿದರು. ಬಳಿಕ ಸುಳಕೂಡದಿಂದ ದೂಧಗಂಗೆಯ ನೀರು ತರುವ ಯೋಜನೆ ಬಂತು, ಇಲ್ಲಿಯ ರೈತರು ವಿರೋಧಿಸಿದರು. ನಗರದವರದ್ದೂ ಸುಮ್ಮನೆ ಹಟವಲ್ಲ. 2012ರಲ್ಲಿ ಕೆಟ್ಟ ನೀರಿನಿಂದ ಅಲ್ಲಿ ಕಾಮಾಲೆ ಹಬ್ಬಿ ಸಾವಿರಾರು ಜನ ಹಾಸಿಗೆ ಹಿಡಿದರು, ಹಲವರು ಸತ್ತರು. ಆ ಜಾತಿಯ ಕಾಮಾಲೆ ಬಸುರಿಯರಿಗೆ ಅತಿ ಅಪಾಯಕಾರಿ. ಯಾರ ಪಕ್ಷ ಸರಿ ಎಂದು ನಾವು ಇಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಎರಡೂ ಕಡೆಯವರು ಬೇರೆ ಬೇರೆ ಅಂಕೆ ಹಿಡಿದು ಮಾತನಾಡುತ್ತಾರೆ. ಬೇಸಿಗೆಯಲ್ಲಿ ನದಿಯಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬ ಒಂದೇ ಲೆಕ್ಕವನ್ನು ಎಲ್ಲರೂ ಕೂಡಿ ನೋಡುವ ಜಾಗ ಇಲ್ಲ. ಜಗಳದ ಅರ್ಧ ಭಾಗ ಅಲ್ಲೇ ಹುಟ್ಟುತ್ತದೆ.

ಕಿಲ್ಲಾರಿಯ ಹೆಣ್ಣುಮಕ್ಕಳು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾಗಿ ಹತ್ತು ಸಾವಿರದ ಹತ್ತಿರ ಜನ ಸತ್ತದ್ದನ್ನು ಹಿರಿಯ ಓದುಗರು ಮರೆತಿರಲಾರರು. ಆಗಿನ ಪುನರ್ವಸತಿಯ ಕೆಲಸದಲ್ಲಿ ಒಂದು ಹೊಸ ರೀತಿ ನಡೆಯಿತು. ಮನೆ ದುರಸ್ತಿಗೆ ಹಣ ಇದೆ, ಸಿಮೆಂಟು ಇದೆ, ಎಂಜಿನಿಯರರಿದ್ದಾರೆ. ಆದರೆ ಯಾವ ಕಂತು ಯಾವಾಗ, ಗೋಡೆಯಲ್ಲಿ ಯಾವ ಕಬ್ಬಿಣ ಎಲ್ಲಿ ಎಂಬುದು ಹಳ್ಳಿಯವರಿಗೆ ತಿಳಿಯದು. ಹಳ್ಳಿಯವರ ದೂರು ದಫ್ತರಕ್ಕೆ ಮುಟ್ಟದು. ಆಗ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ನೆರವಿನಿಂದ ಲಾತೂರ, ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಆಯಾ ಊರಿನ ಹೆಣ್ಣುಮಕ್ಕಳನ್ನೇ ‘ಸಂವಾದ ಸಹಾಯಕ’ರೆಂದು ಆರಿಸಲಾಯಿತು. ಸರಕಾರದ ಮಾತನ್ನು ಒಲೆಯ ಮುಂದಿನವರೆಗೆ ಒಯ್ಯುವುದು, ಒಲೆಯ ಮುಂದಿನ ಮಾತನ್ನು ಸರಕಾರದವರೆಗೆ ಒಯ್ಯುವುದು ಇವರ ಕೆಲಸ. ಮನೆ ಬಿಟ್ಟು ಹೊರಬರದಿದ್ದ ಹೆಣ್ಣುಮಕ್ಕಳು ಎಂಜಿನಿಯರನನ್ನು ನಿಲ್ಲಿಸಿ ಪ್ರಶ್ನೆ ಕೇಳುವಂತಾದರು.

ಇನ್ನೂ ಮುಖ್ಯವಾದದ್ದು ಮುಂದೆ ನಡೆಯಿತು. 2001ರ ಜನವರಿಯಲ್ಲಿ ಗುಜರಾತಿನ ಕಚ್ಛದಲ್ಲಿ ಭೂಕಂಪವಾದಾಗ, ಲಾತೂರದ ಈ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ, ಮನೆ ಕಳೆದುಕೊಂಡವರ ಪಕ್ಕದಲ್ಲಿ ಕುಳಿತು ತಾವು ಕಲಿತದ್ದನ್ನು ಹೇಳಿಕೊಟ್ಟರು. ಪುಸ್ತಕ ಕೊಡಲಾಗದ ಧೈರ್ಯವನ್ನು, ಅದೇ ಕಷ್ಟ ಕಂಡ ಇನ್ನೊಬ್ಬ ಹೆಂಗಸು ಕೊಡಬಲ್ಲಳು. ನಮ್ಮ ನದಿ ದಂಡೆಯಲ್ಲಿ ಇಂಥ ತಾಯಂದಿರಿಲ್ಲವೇ? 2005, 2019, 2021 ಹೀಗೆ ಮೂರು ನೆರೆ ಕಂಡ ಅಕ್ಕಂದಿರು ಪ್ರತಿ ಓಣಿಯಲ್ಲಿದ್ದಾರೆ. ಹೊಸದಾಗಿ ನೆರೆ ಕಂಡ ಊರಿಗೆ ಅವರನ್ನು ಒಂದು ದಿನ ಕರೆದೊಯ್ಯಲು ಜೀಪಿನ ಬಾಡಿಗೆ ಎಷ್ಟು ಆದೀತು?

ಪುಸ್ತಕ, ಹಲಗೆ, ಭೋಂಗಾ

ಈಗ ಸಂಸ್ಥೆಯೊಳಗಿನ ಕೆಲಸದ ಮಾತು. ಆ ಕೂಸಿನ ಪ್ರಸಂಗದ ನಂತರ ನಮ್ಮ ತಂಡದಲ್ಲಿ ರೂಢಿಯಾದ ಕೆಲವು ಸಂಗತಿಗಳಿವೆ.

ಮೊದಲನೆಯದು ಒಂದು ಉದ್ದನೆಯ ನೋಟುಬುಕ್ಕು. ತಂಡ ಬದಲಾಗುವಾಗ ಹೋಗುವವರು ಅದರಲ್ಲಿ ಬರೆದು ಸಹಿ ಮಾಡಿ, ಬಂದವರಿಗೆ ಓದಿ ಹೇಳಿ, ಆಮೇಲೆ ಹೊರಡಬೇಕು. ಶಾಲೆಯ ಬೀಗದ ಕೈ ಯಾರ ಹತ್ತಿರ, ಯಾವ ಕೋಣೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ರೋಗದ ಇನ್ಸುಲಿನ್ ಬೇಕು, ಬಾವಿಗೆ ಪುಡಿ ಹಾಕಿದ್ದು ಯಾವಾಗ, ಯಾವ ಪೊಟ್ಟಣ ಎಷ್ಟು ನೀರಿಗೆ. ಫೋನಿನಲ್ಲಿ ಬರೆದರಾಗದೇ ಎಂದು ಹುಡುಗರು ಕೇಳುತ್ತಾರೆ. ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ 2019ರಲ್ಲಿ ಕರೆಂಟು ಹೋಗಿ, ಟವರ್ ನಿಂತು, ಕೋಲ್ಹಾಪುರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ಹಲವು ದಿನ ಮುಚ್ಚಿದಾಗ ಉಳಿದದ್ದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ, ಬ್ಯಾಟರಿ ರೇಡಿಯೋ, ಗುಡಿ ಮಸೀದಿಗಳ ಭೋಂಗಾ, ಚರ್ಚಿನ ಗಂಟೆ ಮತ್ತು ಹಲಗೆ ಬಡಿಯುವವನ ಕಾಲು.

ಎರಡನೆಯದು ಗೋಡೆಯ ಮೇಲಿನ ಪಟ್ಟಿ: ಯಾರು, ಯಾವ ಊರಿನಲ್ಲಿ, ಏನು ಮಾಡುತ್ತಿದ್ದಾರೆ. ದೊಡ್ಡ ದೊಡ್ಡ ಸಂಸ್ಥೆಗಳು ಲೋಕದ ಎಲ್ಲ ಕಡೆ ಇದನ್ನು ಮಾಡುತ್ತವೆ. ಇದಿಲ್ಲದಿದ್ದರೆ ರಸ್ತೆಯ ಬದಿಯ ಊರಿಗೆ ಬ್ರೆಡ್ಡಿನ ಮೇಲೆ ಬ್ರೆಡ್ಡು ಬಂದು ದನಗಳಿಗೆ ಹಾಕುತ್ತಾರೆ, ಒಳಗಿನ ಊರಿನವರು ಬರಿಯ ಚುರುಮುರಿ ತಿಂದು ದಿನ ಕಳೆಯುತ್ತಾರೆ. ನಮ್ಮ ಸಂಸ್ಥೆ, ನಿಮ್ಮ ಸಂಸ್ಥೆ ಎಂಬ ಮೇಲಾಟವಿದ್ದಲ್ಲಿ ಈ ಪಟ್ಟಿ ತುಂಬುವುದಿಲ್ಲ ಎಂಬುದನ್ನೂ ಕಂಡಿದ್ದೇವೆ.

ಮೊಬೈಲಿನಲ್ಲಿ ಓಡಾಡುವ ಸುದ್ದಿಯ ಬಗ್ಗೆ ಒಂದು ಕಟ್ಟುನಿಟ್ಟು. ಧರಣ ಒಡೆಯಿತಂತೆ ಎಂಬ ಸುದ್ದಿ ಪ್ರತಿ ಮಳೆಗಾಲದಲ್ಲಿ ಒಮ್ಮೆಯಾದರೂ ಹಾರುತ್ತದೆ, ಎಲ್ಲಿಯದೋ ಹಳೆಯ ಚಿತ್ರದ ಜೊತೆಗೆ. ಊರು, ತಾರೀಖು, ಹೊತ್ತು, ಕಣ್ಣಾರೆ ಕಂಡವರ ಹೆಸರು ಈ ನಾಲ್ಕು ಇಲ್ಲದ ಸುದ್ದಿಯನ್ನು ನಮ್ಮವರು ಮುಂದೆ ಕಳುಹಿಸುವಂತಿಲ್ಲ. ಸುಳ್ಳೆಂದು ತಿಳಿದ ಮೇಲೆ ಸುಳ್ಳೆಂದು ಹೇಳುವುದೂ ಅಷ್ಟೇ ಅಗತ್ಯ, ಸುಮ್ಮನೆ ಅಳಿಸಿ ಕೂರುವುದಲ್ಲ.

ಚಿತ್ರ ತೆಗೆಯುವ ಮಾತು ಬಂದಾಗ ನಮ್ಮಲ್ಲೇ ಜಗಳಗಳಾಗಿವೆ. ದಾನಿಗಳಿಗೆ ಲೆಕ್ಕ ತೋರಿಸಬೇಕು, ನಿಜ. ಆದರೆ ಅಕ್ಕಿಯ ಚೀಲ ಹಿಡಿದ ಕೈಯ ಪಕ್ಕದಲ್ಲಿ ತಲೆ ತಗ್ಗಿಸಿದ ರೈತನ ಮುಖ ಏಕೆ ಬೇಕು? ನಿನ್ನೆಯ ತನಕ ಊರಿಗೆ ಅನ್ನ ಹಾಕಿದ ಮನೆತನದವನು ಆತ. ರೆಡ್ ಕ್ರಾಸ್ ಮತ್ತಿತರ ಸಂಸ್ಥೆಗಳು ಕೂಡಿ 1994ರಲ್ಲಿ ಮಾಡಿಕೊಂಡ ನಡತೆಯ ನಿಯಮಗಳಲ್ಲಿ ಹತ್ತನೆಯದು ಇದೇ: ಪ್ರಚಾರದಲ್ಲಿ ಸಂತ್ರಸ್ತರನ್ನು ಗೌರವವುಳ್ಳ ಮನುಷ್ಯರಂತೆ ಕಾಣಬೇಕು, ದಿಕ್ಕಿಲ್ಲದ ವಸ್ತುಗಳಂತೆ ಅಲ್ಲ. ಹಾಗೆಯೇ ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ನಕಲುಗಳನ್ನು ಗುಂಪಿನಲ್ಲಿ ಹಂಚುವುದು ನಿಲ್ಲಬೇಕು. ನೆರೆಯಲ್ಲಿ ಉಳಿದ ದುಡ್ಡು ಮೋಸಗಾರರ ಪಾಲಾಗಬಾರದು.

ಬಾವಿಯ ಲೆಕ್ಕ

ನೆರೆ ಇಳಿದ ಮೇಲೆ ಬಾವಿಯ ನೀರಿನ ಶುದ್ಧಿಯಲ್ಲೂ ಅದೇ ಓ.ಆರ್.ಎಸ್. ಗೊಂದಲ ನಡೆಯುತ್ತದೆ. ಕ್ಲೋರಿನ್ ಮಾತ್ರೆಗಳಲ್ಲಿ ಒಂದು ಲೀಟರಿಗೆ, ಐದು ಲೀಟರಿಗೆ, ಇಪ್ಪತ್ತು ಲೀಟರಿಗೆ ಎಂದು ಬೇರೆ ಬೇರೆ ಶಕ್ತಿಯವು ಇವೆ. ಎಲ್ಲ ಕೊಡಕ್ಕೂ ಒಂದು ಎಂದರೆ ಒಂದು ಮನೆಯಲ್ಲಿ ನೀರು ಕುಡಿಯಲಾಗದಷ್ಟು ವಾಸನೆ, ಇನ್ನೊಂದು ಮನೆಯಲ್ಲಿ ಮಾತ್ರೆ ಹಾಕಿಯೂ ಭೇದಿ. ಹಂಚುವವರು ಚೀಟಿಯ ಮೇಲೆ ಕೊಡದ ಚಿತ್ರ ಬರೆದು, ಎಷ್ಟು ಮಾತ್ರೆ ಎಂದು ಚುಕ್ಕೆ ಇಟ್ಟು ಕೊಟ್ಟರೆ ಓದು ಬಾರದವರಿಗೂ ತಿಳಿಯುತ್ತದೆ. ಕೆಸರು ನೀರಾದರೆ ಮೊದಲು ತಿಳಿಯಾಗಿಸಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಲೆಕ್ಕ ಸುಲಭ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅಗಲವನ್ನು ಅಗಲದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರು ಸಿಗುತ್ತದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರು ಇದ್ದರೆ ಸುಮಾರು 28 ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ 70 ಗ್ರಾಂ ಒಳ್ಳೆಯ ಪುಡಿ ಬೇಕು. ಇದು ತಿಳಿ ನೀರಿನ ಲೆಕ್ಕ. ನೆರೆಯ ನೀರು ನುಗ್ಗಿದ ಬಾವಿಗೆ ಹೆಚ್ಚು ಬೇಕಾಗುತ್ತದೆ, ಆರೋಗ್ಯ ಕಾರ್ಯಕರ್ತರಿಂದ ಓ.ಟಿ. ಪರೀಕ್ಷೆ ಮಾಡಿಸಿಯೇ ಕುಡಿಯಿರಿ. ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ತ ಪುಡಿ, ಅದನ್ನು ಎಷ್ಟು ಹಾಕಿದರೂ ಸುಣ್ಣವೇ.

ಹೊಲದ ಕೆಸರಿಗೆ ಇಳಿಯುವವರಿಗೆ ಇಲಿ ಜ್ವರದ ಭಯ. ಒಡೆದ ಹಿಮ್ಮಡಿಯಿಂದ ರೋಗಾಣು ಒಳಹೋಗುತ್ತದೆ. ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ದವಾಖಾನೆಯಲ್ಲಿ ಮೊದಲ ಮಾತೇ “ಸಾಹೇಬರ, ನಾ ನೆರಿ ನೀರಾಗ ನಿಂತಿದ್ನಿ” ಎಂದಾಗಿರಲಿ. ಎಷ್ಟೋ ಜನ ಇದನ್ನು ಹೇಳುವುದಿಲ್ಲ, ಡಾಕ್ಟರರು ಕೇಳುವುದಿಲ್ಲ, ಸಾದಾ ಜ್ವರದ ಗುಳಿಗೆ ನುಂಗಿ ಮೂತ್ರಪಿಂಡ ಕೆಟ್ಟ ಮೇಲೆ ಕೋಲ್ಹಾಪುರಕ್ಕೋ ಬೆಳಗಾವಿಗೋ ಓಡುತ್ತಾರೆ. ತಡೆಗಟ್ಟುವ ಮಾತ್ರೆ ಉಂಟು. ಆದರೆ ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಅದು ಸಲ್ಲದು, ಆದ್ದರಿಂದ ಕೈಯಿಂದ ಕೈಗೆ ಹಂಚಬಾರದು, ಡಾಕ್ಟರರೇ ಕೊಡಬೇಕು.

ಕಬ್ಬಿನ ವಿಷಯ ಮುಂದಿನ ಸಲ ವಿವರವಾಗಿ ಬರೆಯುತ್ತೇವೆ. ಇಷ್ಟು ಮಾತ್ರ ಈಗ: ಸುಳಿ ಮುಳುಗಿದ ಕಬ್ಬಿನ ಗತಿ ಬೇರೆ, ಬುಡ ಮಾತ್ರ ಮುಳುಗಿದ ಕಬ್ಬಿನ ಗತಿ ಬೇರೆ. ಎಷ್ಟು ದಿನ ಎಷ್ಟು ಎತ್ತರಕ್ಕೆ ನೀರು ನಿಂತಿತ್ತು ಎಂಬುದನ್ನು ಬರೆದಿಟ್ಟವರಿಗೇ ಸರಿಯಾದ ಸಲಹೆ ಕೊಡಲು ಬರುತ್ತದೆ.

ಆ ಎತ್ತರವನ್ನು ಬರೆದಿಡಲು ಕಾಗದವೇ ಬೇಕೆಂದಿಲ್ಲ. ಊರಿನ ಚಾವಡಿ, ಶಾಲೆ, ಗುಡಿ ಇವುಗಳ ಗೋಡೆಯ ಮೇಲೆ ಎಣ್ಣೆ ಬಣ್ಣದಿಂದ ಒಂದು ಗೆರೆ, ಪಕ್ಕದಲ್ಲಿ ವರ್ಷ. ಹೋದ ನೆರೆಗಳ ಗೆರೆ ಎಲ್ಲಿ ಬರಬೇಕೆಂದು ಹಿರಿಯರು ಇನ್ನೂ ಬೆರಳಿಟ್ಟು ತೋರಿಸಬಲ್ಲರು. ಮಣ್ಣಿನ ಗೋಡೆಗಳು ಒಂದೊಂದಾಗಿ ಬೀಳುತ್ತಿವೆ, ಹಿರಿಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬರುವ ರವಿವಾರ ಯುವಕ ಸಂಘದವರು ಒಂದು ಡಬ್ಬಿ ಕೆಂಪು ಬಣ್ಣ, ಒಂದು ಕುಂಚ ತಂದರೆ ಅವರ ಜೊತೆ ನಾವೂ ಬರುತ್ತೇವೆ.